ನೆಲದೆಣ್ಣೆ

ನಮ್ಮೂರಿನಲ್ಲಿ ಗಾಳಿ ಇಳಿಯುವುದು ಮೊದಲು ಕಾಗೆಗಳಿಗೆ ಗೊತ್ತಾಗುತ್ತದೆ. ಊಟದ ಹೊತ್ತು ಕಳೆದು ಬಿಸಿಲು ಪಡುವಣಕ್ಕೆ ಕೊಂಚ ವಾಲಿತೆಂದರೆ ಅವು ಮರದ ಮೇಲಿನಿಂದ ಒಂದೊಂದೇ ಬಂದು ನೆಲದಲ್ಲಿ ಕೂರುತ್ತವೆ. ಆಮೇಲೆ ಎಮ್ಮೆಗಳು ಮಲಗುತ್ತವೆ. ಆಮೇಲೆ ನಾವು. ಊರಿನ ಗಾಳಿಯೆಲ್ಲ ಇಳಿದು ಮೊಣಕಾಲಿನ ಮಟ್ಟಕ್ಕೆ ನಿಲ್ಲುತ್ತದೆ. ಅದರ ಮೇಲೆ ಉಳಿಯುವುದು ನೀರು ಬೆರೆಸಿ ಬೆರೆಸಿ ಹೆಸರಿಗಷ್ಟೇ ಮಜ್ಜಿಗೆ ಎನಿಸಿಕೊಂಡಂಥದು. ಎದ್ದು ನಿಂತವನಿಗೆ ಕಣ್ಣು ಕತ್ತಲೆ ಬಂದು ಮೊಣಕಾಲು ತಾನಾಗಿ ಮಡಿಯುತ್ತದೆ. ಹಾಗಾಗಿ ಇದ್ದವರು ಇದ್ದಲ್ಲೇ ಒರಗುತ್ತೇವೆ. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೂ ಕತ್ತಿ ಹಿಡಿದವನೂ ಅಕ್ಕಪಕ್ಕ ಮಲಗುತ್ತಾರೆ. ಬದುವಿನ ವ್ಯಾಜ್ಯಕ್ಕೆ ಕೈ ಕೈ ಮಿಲಾಯಿಸುತ್ತಿದ್ದವರು ಒಂದೇ ಚಾಪೆಯ ಎರಡು ತುದಿಗೆ ತಲೆಯಿಟ್ಟು, ಜಗಳವನ್ನು ಸಣ್ಣ ದನಿಯಲ್ಲಿ ಮುಂದುವರಿಸುತ್ತಾರೆ. ಮದುವೆಯ ಮುಹೂರ್ತವನ್ನು ಆ ಹೊತ್ತಿಗೆ ಯಾರೂ ಇಡುವುದಿಲ್ಲ. ಒಮ್ಮೆ ಇಟ್ಟವರು ತಾಳಿಯನ್ನು ಮಲಗಿಕೊಂಡೇ ಕಟ್ಟಿಸಬೇಕಾಯಿತು. ಆ ದಂಪತಿ ಚೆನ್ನಾಗಿಯೇ ಬಾಳುತ್ತಿದ್ದಾರೆ.

ಇದಕ್ಕೆ ನಾವು ‘ಇಳಿತ’ ಎನ್ನುತ್ತೇವೆ. ಇಳಿತ ಬಂತೆಂದರೆ ಮೊಣಕಾಲಿನ ಮಟ್ಟದಿಂದ ಮೇಲಿನ ಬೆಂಕಿಯೂ ಆರುತ್ತದೆ. ಕಟ್ಟೆಯ ಮೇಲಿನ ಒಲೆ, ಗುಡಿಯ ದೀಪ, ಕುಲುಮೆಯ ಕೆಂಡ, ಬಾಯಿಗಿಟ್ಟ ಬೀಡಿ, ಎಲ್ಲ ತಾವಾಗಿಯೇ ಮಂಕಾಗಿ ಕಣ್ಣು ಮುಚ್ಚುತ್ತವೆ. ಬೇರೆ ಊರಿನವರು ಬೆಂಕಿಗೆ ಹೆದರುತ್ತಾರಂತೆ. ಬಣವೆಗೆ ಬೆಂಕಿ ಬಿದ್ದರೂ ‘ಮಧ್ಯಾಹ್ನದ ತನಕ ತಡಕೊಳ್ರಪ್ಪ’ ಎನ್ನುವ ಜನ ನಾವು.

ಗಾಳಿ ಮತ್ತೆ ಏರಿದ ಮೇಲೆ ಮೊದಲ ಕೆಲಸ ನೆಲದೆಣ್ಣೆ. ಮಲಗಿದ್ದ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಬಿಟ್ಟು, ಬೆರಳಲ್ಲಿ ಸವರಿ, ಪಕ್ಕದಲ್ಲಿ ಒಂದು ದೀಪ ಹಚ್ಚಿಡುತ್ತೇವೆ. ನಮ್ಮ ಉಸಿರು ಕಾಯ್ದದ್ದು ಯಾವುದೋ ಅದಕ್ಕೆ ಎಣ್ಣೆ, ಅದಕ್ಕೆ ದೀಪ. ನೆಲ ಕಾಯ್ದರೆ ನೆಲಕ್ಕೆ, ಜಗುಲಿ ಕಾಯ್ದರೆ ಜಗುಲಿಗೆ. ದಾರಿಯಲ್ಲಿ ಇಳಿತ ಸಿಕ್ಕಿ ಕತ್ತೆಯ ಪಕ್ಕದಲ್ಲಿ ಮಲಗಿ ಉಳಿದವನು ಕತ್ತೆಯ ಬೆನ್ನಿಗೂ ಎಣ್ಣೆ ಸವರಿದ್ದುಂಟು. ಉಪಕಾರ ನೆನೆಯಲು ನಮಗೆ ಗೊತ್ತಿದ್ದ ದಾರಿ ಅದೊಂದೇ.

ಆ ಎಣ್ಣೆ ನಮ್ಮ ಮನೆಯದು. ನಾವು ಗಾಣದವರು. ನಮ್ಮಪ್ಪ ಕಣ್ಮುಚ್ಚಿದಾಗ ನನಗಿನ್ನೂ ಎತ್ತಿನ ಹಗ್ಗ ಹಿಡಿಯಲೂ ಬರುತ್ತಿರಲಿಲ್ಲ. ಅಕ್ಕ ಕೆಂಚಮ್ಮನೇ ಗಾಣ ಹಿಡಿದಳು. ಎತ್ತಿನ ಹಿಂದಿನ ಹಲಗೆಯ ಮೇಲೆ ಭಾರಕ್ಕೆ ನನ್ನನ್ನು ಕೂರಿಸಿ, ತಾನು ಕುಸುಬೆ, ಹುಚ್ಚೆಳ್ಳು ಸುರಿಯುತ್ತ, ಹಿಂಡಿ ಕೆರೆಯುತ್ತ ನನ್ನನ್ನು ದೊಡ್ಡವನನ್ನಾಗಿ ಮಾಡಿದಳು. ಕೇಳಿಕೊಂಡು ಬಂದ ಗಂಡುಗಳಿಗೆಲ್ಲ ‘ಈ ಎತ್ತೂ ನನ್ನ ತಮ್ಮನೂ ಒಂದು ದಾರಿಗೆ ಬರ್ಲಿ’ ಎನ್ನುತ್ತಿದ್ದಳು. ಎತ್ತು ದಾರಿಗೆ ಬಂತು. ನಾನು ಬರುವಷ್ಟರಲ್ಲಿ ಗಂಡುಗಳು ಬರುವುದು ನಿಂತಿತ್ತು.

ಎರಡು ವರ್ಷದ ಹಿಂದೆ ಅಕ್ಕನ ಕಾಲು ಊದತೊಡಗಿದವು. ಎದೆಯೊಳಗಿನ ಕವಾಟ ಸವೆದಿದೆ ಎಂದರು ಡಾಕ್ಟರು. ಮಲಗಿದರೆ ನೀರಿನಲ್ಲಿ ಮುಳುಗಿಸಿದಂತೆ ಉಸಿರು ಕಟ್ಟುತ್ತಿತ್ತು. ದಿಂಬು ಪೇರಿಸಿ ಕೂತರಷ್ಟೇ ಜೀವಕ್ಕೆ ಹಿತ. ಬೇರೆ ಊರಾಗಿದ್ದರೆ ಕೂತೇ ಕಾಲ ಕಳೆಯಬಹುದಿತ್ತು. ನಮ್ಮೂರಲ್ಲಿ ಮಧ್ಯಾಹ್ನ ಕೂತವರ ತಲೆ ಗಾಳಿಯಿಲ್ಲದ ಕಡೆಗೆ ಹೋಗುತ್ತದೆ. ಮಲಗಿದರೆ ಒಳಗಿನ ನೀರು, ಎದ್ದರೆ ಹೊರಗಿನ ಬರಿದು. ಬಡಗಿಯ ಹತ್ತಿರ ಇಳಿಜಾರು ಹಲಗೆ ಮಾಡಿಸಿದೆ. ಕೆಲವು ಕಾಲ ಅದು ನಡೆಯಿತು. ಆಮೇಲೆ ಹಲಗೆಯನ್ನು ಎಷ್ಟು ಎತ್ತಿದರೂ ಎದೆಗೆ ಸಾಲದು, ಎಷ್ಟು ಇಳಿಸಿದರೂ ಮೂಗಿಗೆ ಸಾಲದು. ದಿನಾ ಕಾಗೆಗಳು ನೆಲಕ್ಕೆ ಬಂದಾಗ ಅಕ್ಕ ನನ್ನ ಮುಖ ನೋಡುತ್ತಿದ್ದಳು. ನಾನು ಕಾಗೆಗಳನ್ನು ನೋಡುತ್ತಿದ್ದೆ.

ಹೀಗಿರುವಾಗ ಊರಿನ ಆಸ್ಪತ್ರೆಗೆ ನೂರ್‌ಜಾನ್ ಸಿಸ್ಟರ್ ಬಂದರು, ಅವರ ಹಿಂದೆಯೇ ಲಾರಿಯಲ್ಲಿ ಆಕ್ಸಿಜನ್ ಸಿಲಿಂಡರ್‌ಗಳು. ಕಪ್ಪು ಮೈ, ಬಿಳಿ ಹೆಗಲು, ಆಳೆತ್ತರ. ಇಳಿತದ ಹೊತ್ತಿನಲ್ಲಿ ಮಲಗಲಾಗದವರು ಬಂದು ಕೂತು ಉಸಿರಾಡಬಹುದು ಎಂದು ಊರಲ್ಲಿ ಸಾರಿಸಿದರು. ಆಕೆ ದೂರದ ಊರಿನವರು. ಇಳಿತ ಬಂದಾಗ ವಾರ್ಡಿನಲ್ಲಿ ಮಲಗದೆ, ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಅಂಬೆಗಾಲಿಟ್ಟು ಓಡಾಡುತ್ತಿದ್ದರು. ಸಿಲಿಂಡರಿನ ಮೂತಿ ಗಾಳಿಯ ಮಟ್ಟದಿಂದ ಮೇಲಿತ್ತಲ್ಲ, ಅದನ್ನು ಮುಟ್ಟಬೇಕಾದಾಗ ಕೆಳಗೆ ಒಂದು ದೊಡ್ಡ ಉಸಿರು ತುಂಬಿಕೊಂಡು ಮೇಲೆದ್ದು, ಕೆಲಸ ಮುಗಿಸಿ, ಮತ್ತೆ ಕೆಳಗೆ ಬರುತ್ತಿದ್ದರು. ಕೆರೆಯಲ್ಲಿ ಮುಳುಗಿ ಏಳುವ ನೀರುಕಾಗೆಯ ಹಾಗೆ, ತಲೆಕೆಳಗಾಗಿ.

“ಅದನ್ನ ಮಲಗಿಸ್ಬಿಡಿ ಸಿಸ್ಟರಮ್ಮ, ನಿಮ್ಗೂ ಸಲೀಸು,” ಎಂದ ಹೋಟೆಲಿನ ಗುರುಶಾಂತ. ಅವನ ತಾಯಿ ಮಲ್ಲವ್ವನಿಗೂ ಅಕ್ಕನದೇ ಪಾಡು. “ಇಡೀ ಊರೇ ಮಲಗೋ ಹೊತ್ನಾಗೆ ಇದಕ್ಕೇನು ಜಂಭ, ನಿಂತ್ಕೊಳ್ಳಾಕೆ?”

“ಮಲಗಿಸಿದ್ರೆ ಉರುಳತ್ತೆ ಅಣ್ಣ. ಉರುಳಿ ಮೂತಿ ಮುರೀತು ಅಂದ್ರೆ ಇದು ಗೋಡೆ ತೂರ್ಕೊಂಡು ನಿಮ್ಮ ಹೋಟ್ಲಿಗೇ ಬರತ್ತೆ, ಕಾಫಿ ಕುಡಿಯೋಕೆ,” ಎಂದರು ಸಿಸ್ಟರ್. “ನಿಲ್ಲಿಸಿ ಕಟ್ಟಬೇಕು. ಗಟ್ಟಿ ಸರಪಳಿ ಇದ್ರೆ ಕೊಡಿ.”

ನಮ್ಮ ಹಳೆಯ ಎತ್ತಿನ ಸರಪಳಿಯನ್ನು ನಾನು ಕೊಟ್ಟೆ. ಅದನ್ನು ಅವರು ಸೋಪು ಹಾಕಿ ಉಜ್ಜಿದರು, ಒಣಗಿಸಿದರು, ಮತ್ತೆ ಉಜ್ಜಿದರು. ನನಗೆ ಕೊಂಚ ಬೇಸರವೇ ಆಯಿತು. ತಲೆಮಾರಿನ ಎಣ್ಣೆ ಉಂಡ ಸರಪಳಿ ಅದು.

ಅಕ್ಕ ಮೊದಲ ಸಲ ಮಾಸ್ಕ್ ಹಾಕಿಕೊಂಡು ಕೂತ ದಿನ ನಾನು ಅವಳ ಮಂಚದ ಕೆಳಗೆ, ನೆಲದಲ್ಲಿದ್ದೆ. ಸಿಲಿಂಡರಿಗೆ ಜೋಡಿಸಿದ ನೀರಿನ ಬಾಟಲಿ ಗುಳುಗುಳು ಎನ್ನುತ್ತಿತ್ತು. ಅವಳ ಕೈ ನನ್ನ ಮೇಲೆ ಇಳಿಬಿದ್ದಿತ್ತು, ಬೆರಳುಗಳು ನಿಧಾನಕ್ಕೆ ಸಡಿಲವಾದವು. ಇಳಿತ ಮುಗಿದ ಮೇಲೆ ಮಾಸ್ಕ್ ತೆಗೆದು ಅವಳು ಮೊದಲು ಆಡಿದ ಮಾತು ಇದು: “ಲೋ ತಮ್ಮಾ, ನಮ್ಮೂರು ಎಷ್ಟು ಚೆಂದ ಐತೋ!”

ಕಿಟಕಿಯಿಂದ ಅವಳು ನೋಡಿದ್ದಳು. ನಮ್ಮಲ್ಲಿ ಯಾರೂ ಅದುವರೆಗೆ ನೋಡಿರಲಿಲ್ಲ. ಎಲ್ಲರೂ ಮಲಗಿರುವಾಗ ಯಾರು ನೋಡಬೇಕು? “ಬೀದಿ ತುಂಬ ಜನ ಬಟ್ಟೆ ಒಣಗ್ಹಾಕ್ದಂಗೆ ಬಿದ್ದವ್ರೆ. ಶ್ಯಾನುಭೋಗ್ರ ತಲೆ ಕೆಳಗೆ ಕುರಿಮರಿ. ಆ ಬದುವಿನ ಜಗಳದೋರು ನಿದ್ದೇಲಿ ಒಬ್ಬನ ಮೇಲೊಬ್ಬ ಕಾಲ್ಹಾಕ್ಕೊಂಡು, ಹೆಂಗೆ ಮಲಗವ್ರೆ ಅಂತೀಯ!” ಹೇಳುತ್ತ ಹೇಳುತ್ತ ನಕ್ಕಳು. ನಗುವಷ್ಟು ಉಸಿರು ಅವಳಲ್ಲಿ ಇದ್ದದ್ದನ್ನು ನಾನು ಬಹಳ ದಿನಗಳ ಮೇಲೆ ಕಂಡೆ.

ಸೊಂಟದಲ್ಲಿದ್ದ ಎಣ್ಣೆಯ ಗಿಂಡಿ ತೆಗೆದು, ಬೆರಳು ಅದ್ದಿ, ಸಿಲಿಂಡರಿನ ಕಡೆಗೆ ಕೈ ಚಾಚಿದೆ. ಅಕ್ಕನ ಉಸಿರು ಕಾಯ್ದದ್ದು ಅದೇ ತಾನೆ?

“ಕೈ! ಕೈ ತೆಗೀರಿ ಅಣ್ಣ!” ಸಿಸ್ಟರ್ ಅಷ್ಟು ದೂರದಿಂದ ಓಡಿ ಬಂದು ನನ್ನ ಮಣಿಕಟ್ಟು ಹಿಡಿದರು. ವಾರ್ಡೆಲ್ಲ ತಿರುಗಿ ನೋಡಿತು. “ಇದಕ್ಕೆ ಎಣ್ಣೆ ತಾಗಬಾರ್ದು. ಒಂದು ಹನಿ ಕೂಡ. ದೀಪ, ಬೀಡಿ, ಬೆಂಕಿಕಡ್ಡಿ ಈ ಬಾಗಿಲೊಳಗೇ ಬರಬಾರ್ದು.”

“ನಮ್ಮೂರ ಬೆಂಕಿ ನಿಮ್ಮೂರ್ದಂಗಲ್ಲ ಸಿಸ್ಟರಮ್ಮ,” ಎಂದ ಗುರುಶಾಂತ ನಗುತ್ತ. “ಸಾಧು ಪ್ರಾಣಿ. ಮಧ್ಯಾಹ್ನ ಆದ್ರೆ ತಾನೇ ಮಲಗ್ತೈತೆ.”

“ಯಾಕೆ ಮಲಗತ್ತೆ?”

“ಗಾಳಿ ಇಲ್ದೆ.”

“ಹಾಗಿದ್ರೆ ಇದರೊಳಗೆ ಏನಿದೆ ಅಣ್ಣ?” ಎಂದು ಸಿಸ್ಟರ್ ಸಿಲಿಂಡರಿನ ಕಡೆ ಕೈ ತೋರಿಸಿದರು. “ನಿಮ್ಮ ಸಾಧು ಪ್ರಾಣಿಗೆ ಇದರ ರುಚಿ ಹತ್ತಿದ್ರೆ ಅದು ಹುಲಿ. ಎಣ್ಣೆ ಇದ್ರೆ ಕಡ್ಡಿ ಗೀರೋದೂ ಬೇಡ, ಒಂದೊಂದ್ಸಲ ತಾನೇ ಹತ್ಕೊಳ್ಳತ್ತೆ.”

ನಾವು ಯಾರೂ ನಂಬಲಿಲ್ಲ. ಆದರೆ ಅವರ ಮಾತು ಮೀರಲಿಲ್ಲ. ನನಗಂತೂ ಅಂದಿನಿಂದ ಸಂಕಟವಾಯಿತು. ದಿನಾ ಮಧ್ಯಾಹ್ನ ಗಾಡಿಯಲ್ಲಿ ಅಕ್ಕನನ್ನು ಕರೆದೊಯ್ಯುವುದು, ಉಸಿರು ಪಡೆದುಕೊಂಡು ಬರುವುದು, ಒಂದು ತೊಟ್ಟು ಎಣ್ಣೆ ಸಲ್ಲಿಸುವುದಿಲ್ಲ. ಬರಿಗೈಲಿ ಹೋಗಿ ಬರಿಗೈಲಿ ಬರುವವರನ್ನು ನಮ್ಮಲ್ಲಿ ಏನೆನ್ನುತ್ತಾರೆ ಎಂಬುದು ಬರೆಯುವ ಮಾತಲ್ಲ. ಊರಿಗೆಲ್ಲ ನೆಲದೆಣ್ಣೆ ಕೊಡುವ ಮನೆಯೇ ಉಪಕಾರ ತೀರಿಸದ ಮನೆಯಾಯಿತು.

ಗುರುಶಾಂತನಿಗೆ ನನ್ನಷ್ಟು ತಾಳ್ಮೆ ಇರಲಿಲ್ಲ. ಒಂದು ಸಂಜೆ ಗಾಣದ ಹತ್ತಿರ ಬಂದು, ಅತ್ತಿತ್ತ ನೋಡಿ, ಪಿಸುಗುಟ್ಟಿದ: “ದೀಪ ಆರ್ಲಿಲ್ಲ ಕಣೋ ಓಬಳೇಶ.”

“ಯಾವ ದೀಪ?”

“ನಿಮ್ಮಕ್ಕನ ಸಿಲಿಂಡ್ರ ಹಿಂದ್ಗಡೆ ಗೋಡೆಗೂಡು ಐತಲ್ಲ. ಅಲ್ಲೊಂದು ಸಣ್ಣ ಹಣತೆ ಇಟ್ಟು ಬಂದಿದ್ದೆ. ಎಷ್ಟು ದಿನ ಅಂತ ಕೈ ಕಟ್ಕೊಂಡು ಕೂರಾದು? ಇಳಿತದಾಗೆ ಆರ್ತೈತೆ, ಯಾರಿಗ್ ಗೊತ್ತಾಗ್ತೈತೆ ಅಂದ್ಕೊಂಡೆ. ಗಾಳಿ ಏರಿದ ಮೇಲೆ ನೋಡ್ತೀನಿ, ಉರೀತಾನೇ ಐತೆ! ಊರು ಹುಟ್ಟಿದಾಗಿಂದ ಇಳಿತದಾಗೆ ಉರಿದ ದೀಪ ಐತೇನೋ? ಅದು ಬರೀ ಕಬ್ಬಿಣ ಅಲ್ಲ ಕಣೋ. ಸತ್ಯ ಐತೆ ಅದ್ರಾಗೆ.”

ನನಗೆ ಮೈ ಜುಮ್ಮೆಂದಿತು. ಒಳಗೆ ಹೋಗಿ ಅಕ್ಕನಿಗೆ ಹೇಳಿದೆ. ಅವಳು ಕೈ ಮುಗಿಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿಲಾಚೆಯ ಗಾಣ ನೋಡಿದಳು. “ಇಳಿತದಾಗೆ ಆರ್ದಂಗೆ ಇತ್ತು ಅಂದ್ರೆ,” ಎಂದಳು, “ಅದು ಏನು ತಿಂದು ಉರೀತು?”

“ಎಣ್ಣೆ.”

“ಎಣ್ಣೆ ಗುಡೀ ದೀಪದಾಗೂ ಇರ್ತೈತೆ. ಅದ್ಯಾಕೆ ಆರ್ತೈತೆ? ಇವತ್ತು ಮಧ್ಯಾಹ್ನ ನಂಗೆ ಉಸುರು ಸಾಲ್ದಂಗೆ ಆಗಿತ್ತು ತಮ್ಮಾ. ನಾನೇ ಏನೋ ಇಳಿದೋಗ್ತಾ ಇದೀನಿ ಅಂದ್ಕೊಂಡು ಸುಮ್ಕಿದ್ದೆ. ನಾಳೆ ಸಿಸ್ಟರಮ್ಮಂಗೆ ಹೇಳಾಣ.”

ಹೇಳಲು ಆಗಲಿಲ್ಲ. ಹೋಟೆಲಿನಲ್ಲಿ ಹುಟ್ಟಿದ ಸುದ್ದಿ ಬೆಳಗಾಗುವುದರೊಳಗೆ ಊರು ತುಂಬಿತ್ತು. ನಾವು ಗಾಡಿ ಕಟ್ಟಿಕೊಂಡು ಹೋದಾಗ ಆಸ್ಪತ್ರೆಯ ಗೇಟಿನ ಮುಂದೆ ಹಣತೆ, ಗಿಂಡಿ, ಹೂವು ಹಿಡಿದ ಜನ. ಸಿಸ್ಟರ್ ಕೈಯಗಲಿಸಿ ಗೇಟಿಗೆ ಅಡ್ಡ ನಿಂತು ಎಲ್ಲರನ್ನೂ ತಡೆಯುತ್ತಿದ್ದರು. “ಕಾಯಿಲೆಯವರನ್ನ ಮಾತ್ರ ಬಿಡ್ತೀನಿ, ಅವರ ಜೊತೆ ಒಬ್ಬರು, ಅಷ್ಟೇ!” ನನ್ನ ಗಿಂಡಿಯನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಗುರುಶಾಂತ ತಾಯಿಯನ್ನು ಹಿಡಿದುಕೊಂಡು ಒಳಗೆ ಬಂದ. ಹೆಗಲ ಮೇಲೆ ಕಂಬಳಿ ಹೊದ್ದಿದ್ದ. ಅಂಥ ಬಿಸಿಲಿನಲ್ಲಿ ಕಂಬಳಿಯೇಕೆ ಎಂದು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಸಿಸ್ಟರ್ ಗೇಟಿನಿಂದ ಓಡಿ ಬಂದು, ಅಕ್ಕನ ಮಾತಿಗೆ ಕಿವಿಗೊಡಲೂ ಪುರಸೊತ್ತಿಲ್ಲದೆ ಅವಳಿಗೂ ಮಲ್ಲವ್ವನಿಗೂ ಮಾಸ್ಕ್ ಹಾಕಿ ಗಾಳಿ ತಿರುಗಿಸುವಷ್ಟರಲ್ಲಿ ಕಾಗೆಗಳು ಅಂಗಳಕ್ಕೆ ಇಳಿದಿದ್ದವು. ನಾವೆಲ್ಲ ಮಲಗಿದೆವು. ಗೇಟಿನ ಹೊರಗಿನ ಜನವೂ ಅಲ್ಲಲ್ಲೇ ಒರಗಿತು.

ನೆಲದ ಮೇಲೆ ಮಲಗಿದವನಿಗೆ ಮಂಚದ ಕೆಳಗಿನ ಲೋಕವಷ್ಟೇ ಕಾಣುತ್ತದೆ. ಇಳಿತ ಪೂರ್ತಿಯಾದ ಮೇಲೆ, ನಾನು ನೋಡುತ್ತಿದ್ದಂತೆ ಅಕ್ಕನ ಊದಿದ ಎರಡು ಪಾದ ಮೆಲ್ಲಗೆ ಮಂಚದಿಂದ ಇಳಿದು ನೆಲ ಮುಟ್ಟಿದವು. ಆ ಹೊತ್ತಿನಲ್ಲಿ ನಿಂತ ಪಾದಗಳನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅವು ನಡುಗುತ್ತಿದ್ದವು. ಒಂದು ಹೆಜ್ಜೆ ಗೋಡೆಯ ಕಡೆಗೆ ಸರಿದವು.

ಮೇಲೆ ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಸಿಲಿಂಡರಿನ ಹಿಂದಿನ ಗೂಡಿನಲ್ಲಿ, ಟವೆಲ್ಲಿನ ಮರೆಗೆ ಗುರುಶಾಂತ ಇಟ್ಟಿದ್ದದ್ದು ಹಣತೆಯಲ್ಲ, ದೊಡ್ಡ ದೀಪವೇ. ಉರಿ ಹಳದಿಯಾಗಿರಲಿಲ್ಲ, ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು, ಎಣ್ಣೆಯ ಗೊಡವೆಯೇ ಇಲ್ಲದಂತೆ ಉದ್ದಕ್ಕೆ ನಿಗುರಿ ಸಿಲಿಂಡರಿನ ಕತ್ತಿನ ಕಡೆಗೆ ವಾಲಿತ್ತು. ಬತ್ತಿ ಹೊಸೆದು ಬೆಳೆದವಳು ಅವಳು. ಅಂಥ ಉರಿಯನ್ನು ಕಂಡಿರಲಿಲ್ಲ. ಗೂಡಿನ ಮೊಳೆಗೆ ನೇತುಹಾಕಿದ್ದ ಟವೆಲ್ಲಿನ ಅಂಚು ಆಗಲೇ ಕೆಂಪಗೆ ಕೊರೆದುಕೊಂಡು ಹೋಗುತ್ತಿತ್ತು. ಕೂಗಿದಳು, ಮೇಲಿನ ತೆಳು ಗಾಳಿಯಲ್ಲಿ ಮಾತು ಓಡುವುದಿಲ್ಲ, ಯಾರಿಗೂ ಕೇಳಲಿಲ್ಲ. ಆಗ ಅವಳಿಗೆ ಅನ್ನಿಸಿತಂತೆ: ‘ನನ್ನ ಉಸುರನ್ನ ಇದು ಉಣ್ತಾ ಐತೆ.’ ಮಾಸ್ಕ್ ಕಿತ್ತಿಟ್ಟು, ನೀರು ಕುಡಿಯುವ ಲೋಟ ಹಿಡಿದು ಎದ್ದಳು. ದೀಪದ ಬತ್ತಿಯ ಮೇಲೆ ಲೋಟ ಬೋರಲು ಹಾಕಿದಳು. ಟವೆಲ್ಲನ್ನು ಹಿಡಿದು ಎಳೆದಳು.

ಟವೆಲ್ಲು ನನ್ನ ಪಕ್ಕದಲ್ಲಿ ಬಿತ್ತು. ನೆಲದ ಗಾಳಿ ತಾಗಿ ಅದರ ಅಂಚು ಭಗ್ಗೆಂದಿತು. ನಾನು ಅದರ ಮೇಲೆ ಹೊರಳಿ ಹೊಸಕಿದೆ. ಅಷ್ಟರಲ್ಲಿ ಅಕ್ಕನ ಮೊಣಕಾಲು ಮಡಿದವು. ಎದ್ದು ಅವಳನ್ನು ಹಿಡಿಯಲು ಹೋದವನು ಆಸರೆಗೆ ಸಿಲಿಂಡರಿನ ಮೂತಿಗೆ ಕೈ ಹಾಕಬೇಕು, “ಅದನ್ನಲ್ಲ! ಅಕ್ಕನ್ನ ಹಿಡೀರಿ!” ಎಂದು ಸಿಸ್ಟರ್ ಕೆಳಗಿನಿಂದ ಕಿರುಚಿದರು. ಅಂಬೆಗಾಲಿಟ್ಟು ಬಂದವರೇ ಉಸಿರು ತುಂಬಿಕೊಂಡು ಮೇಲೆದ್ದು, ತಿರುಪು ಮುಚ್ಚಿದರು. ಕೆಳಗೆ ಬಂದರು. ಮತ್ತೆ ಎದ್ದರು. ಪಕ್ಕದ ಸಿಲಿಂಡರಿಗೆ ಕೊಳವೆ ಬದಲಿಸಿದರು. ಅದನ್ನಾದರೂ ಥಟ್ಟನೆ ತಿರುಗಿಸಬಾರದೆ ಎಂದು ನನ್ನ ಜೀವ ಒದ್ದಾಡುತ್ತಿತ್ತು. ಅವರು ಮುಖ ಪಕ್ಕಕ್ಕೆ ಹಿಡಿದು, ಹೊಸ ಹಸುವಿನ ಕೆಚ್ಚಲಿಗೆ ಕೈ ಹಾಕಿದವರ ಹಾಗೆ ಮೆಲ್ಲಗೆ, ಮೆಲ್ಲಗೆ ತಿರುಗಿಸಿದರು. ನನ್ನ ತೋಳಿನಲ್ಲಿ ಅಕ್ಕನ ತುಟಿ ನೀಲಿಯಾಗಿತ್ತು. ಮಲಗಿಸುವಂತಿಲ್ಲ, ಎತ್ತುವಂತಿಲ್ಲ. ಹಳೆಯ ಇಳಿಜಾರು ಹಲಗೆಯ ಹಾಗೆ ನನ್ನ ಎದೆಯನ್ನೇ ವಾಲಿಸಿ ಅವಳನ್ನು ಒರಗಿಸಿಕೊಂಡಿದ್ದೆ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವಳು ನನ್ನನ್ನು ಹೀಗೇ ಒರಗಿಸಿಕೊಳ್ಳುತ್ತಿದ್ದಳು. ಬಾಟಲಿ ಗುಳುಗುಳು ಎಂದಿತು. ಮಾಸ್ಕ್ ಅವಳ ಮೂಗಿಗೆ ಬಂತು. ಒಂದು ಉಸಿರು. ಬಹಳ ಹೊತ್ತಿನ ಮೇಲೆ ಇನ್ನೊಂದು. ಆಮೇಲೆ ಅವಳ ಬೆರಳು ನನ್ನ ಅಂಗಿ ಹಿಡಿಯಿತು.

ಗಾಳಿ ಏರಿದ ಮೇಲೆ ಗೇಟಿನ ಜನ ಒಳಗೆ ನುಗ್ಗಿತು. ದೀಪದ ಮೇಲೆ ಬೋರಲು ಬಿದ್ದ ಲೋಟ ನೋಡಿ ಒಬ್ಬಿಬ್ಬರು ಗೊಣಗಿದರು. ಇಳಿತದಲ್ಲಿ ಉರಿದ ದೀಪವನ್ನು ನಂದಿಸಿದ ಪಾಪ ಯಾರ ತಲೆಗೆ ಎಂದು ಒಬ್ಬಾಕೆ ಕೇಳಿದಳು.

“ನನ್ನ ತಲೆಗೆ ಬರ್ಲಿ ಬಿಡು,” ಎಂದಳು ಅಕ್ಕ ದಿಂಬಿಗೊರಗಿ. “ಅದು ನನ್ನ ಉಸುರು ಉಂಡು ಉರೀತಿತ್ತು ಕಣವ್ವಾ. ಇನ್ನೊಂಚೂರು ಬಿಟ್ಟಿದ್ರೆ ಮಲ್ಲವ್ವನ್ನೂ, ಈ ಮನೇನೂ ಉಣ್ತಿತ್ತು.”

ಸಿಸ್ಟರ್ ಬೋಗುಣಿಯಲ್ಲಿ ಸೋಪಿನ ನೀರು ಕಲಸಿ ತಂದರು. ಮುಚ್ಚಿದ್ದ ಹಳೆಯ ಸಿಲಿಂಡರನ್ನು ಒಂದಿಷ್ಟೇ ತೆರೆದು, ಅದರ ಕತ್ತಿನ ಕೀಲಿಗೆ ನೀರು ಸವರಿದರು. ಒಂದು ಕಡೆ ಸಣ್ಣ ಗುಳ್ಳೆ ಎದ್ದಿತು. ಉಬ್ಬಿತು. ಒಡೆಯಿತು. ಇನ್ನೊಂದು ಎದ್ದಿತು. ಎಲ್ಲರೂ ಬಗ್ಗಿ ನೋಡಿದೆವು.

“ಇಲ್ಲಿ ಸೋರ್ತಿತ್ತು,” ಎಂದರು ಸಿಸ್ಟರ್. “ವಾಷರ್ ಸವೆದಿದೆ. ನಿಮ್ಮ ದೀಪ ಆರದೆ ಇದ್ದದ್ದು ಇದಕ್ಕೆ. ನಾನೂ ನೋಡಬೇಕಿತ್ತು, ಗೇಟಿನ ಗಲಾಟೆಯಲ್ಲಿ ನೋಡಲಿಲ್ಲ. ಅಕ್ಕ ನನ್ನನ್ನ ಉಳಿಸಿದ್ರು.” ಅಷ್ಟು ಹೇಳಿ ತಿರುಪು ಬಿಗಿದು, ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟರು. ಗುರುಶಾಂತ ಅವರೆದುರು ಹೋಗಿ ನಿಂತು, ಕಂಬಳಿಯನ್ನು ಈ ಹೆಗಲಿಂದ ಆ ಹೆಗಲಿಗೆ ಹಾಕಿಕೊಂಡ. “ಒಂದು ಲೋಟ ಕಾಫಿ ತರ್ಲೇನಮ್ಮಾ?” ಎಂದ.

“ತನ್ನಿ ಅಣ್ಣ,” ಎಂದರು. “ಸಕ್ಕರೆ ಜಾಸ್ತಿ ಹಾಕಿ.”

ಅಂದಿನಿಂದ ಆಸ್ಪತ್ರೆಯ ಗೇಟಿನ ಹೊರಗೆ ಒಂದು ಕಲ್ಲುಚಪ್ಪಡಿ ಇದೆ. ಗಿಂಡಿ, ಹಣತೆ, ಬೀಡಿ, ಬೆಂಕಿಪೊಟ್ಟಣ ಎಲ್ಲ ಅದರ ಮೇಲೆ ಬಿಟ್ಟು ಒಳಗೆ ಹೋಗಬೇಕು. ಪಕ್ಕದಲ್ಲಿ ಹಂಡೆ ತುಂಬ ನೀರು, ತೊಟ್ಟಿಯಲ್ಲಿ ಜಜ್ಜಿ ನೆನೆಸಿದ ಅಂಟುವಾಳ. ಅಂಟುವಾಳ ನಮ್ಮ ಮನೆಯದು. ಎಣ್ಣೆಯನ್ನು ಊರಿಗೆ ಹತ್ತಿಸಿದವರು ನಾವು, ತೊಳೆಯುವುದಕ್ಕೂ ನಾವೇ ಕೊಡುವುದು ನ್ಯಾಯ ಎಂದಳು ಅಕ್ಕ. ಮೊಣಕೈವರೆಗೆ ಉಜ್ಜಿ ತೊಳೆದು, ಒರೆಸಿಕೊಂಡು, ಒಣಗಿದ ಬರಿಗೈಯನ್ನು ಸಿಸ್ಟರಿಗೆ ತೋರಿಸಿ ಒಳಗೆ ಹೋಗುತ್ತೇವೆ. ಬರಿಗೈಲಿ ಹೋಗುವುದೇ ಮರ್ಯಾದೆ ಎನಿಸಿಕೊಂಡ ಬಾಗಿಲು ನಮ್ಮೂರಲ್ಲಿ ಅದೊಂದೇ. ದಿನಾ ಇಳಿತಕ್ಕೆ ಮುಂಚೆ ಸಿಸ್ಟರ್ ಸೋಪಿನ ನೀರಿನ ಬೋಗುಣಿ ಹಿಡಿದು ಒಂದೊಂದು ಕೀಲನ್ನೂ ನೋಡುತ್ತಾರೆ. ಸಿಲಿಂಡರಿನಲ್ಲಿ ಗಾಳಿ ಎಷ್ಟಿದೆ ಎಂದು ತೋರಿಸುವ ಬಿಲ್ಲೆಯ ಮೇಲಿನ ಮುಳ್ಳು ಎಲ್ಲಿಗೆ ಬಂದರೆ ಕರೆಯಬೇಕು ಎಂದು ಅಕ್ಕನಿಗೆ ತೋರಿಸಿಕೊಟ್ಟಿದ್ದಾರೆ, ಮಂಚದ ಕಂಬಿಗೆ ಒಂದು ಗಂಟೆಯನ್ನೂ ಕಟ್ಟಿದ್ದಾರೆ. ಅದರ ದಾರ ನೆಲದವರೆಗೆ ಇಳಿದು ಅವರ ಮಣಿಕಟ್ಟಿಗೆ ಬರುತ್ತದೆ. ಕೂತ ಅಕ್ಕ ಮುಳ್ಳನ್ನೂ ಕಿಟಕಿಯ ಹೊರಗಿನ ಊರನ್ನೂ ಕಾಯುತ್ತಾಳೆ. ಸಿಸ್ಟರ್ ಈಗ ಒಂದು ಗಳಿಗೆಯಾದರೂ ನೆಲಕ್ಕೆ ಬೆನ್ನು ಹಚ್ಚುತ್ತಾರೆ.

ಆದರೂ ನನ್ನ ಮನಸ್ಸಿನ ಮುಳ್ಳು ಹೋಗಿರಲಿಲ್ಲ. ಸಲ್ಲದ ಎಣ್ಣೆ ಸಲ್ಲದೇ ಉಳಿದಿತ್ತು. ಅದನ್ನು ತೀರಿಸಿದವಳೂ ಅಕ್ಕನೇ. ಸಿಸ್ಟರ್ ರಜೆಯ ದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಇಳಿತಕ್ಕೆ ಆಸ್ಪತ್ರೆಯಲ್ಲಿ ಬೇರೆ ಸಿಸ್ಟರ್ ಇದ್ದರು. ಅಕ್ಕ ಹೋಗಿ ಬಂದಾಗಿತ್ತು. ಸಂಜೆಯ ಬಿಸಿಲಲ್ಲಿ ಗಾಣದ ಕಟ್ಟೆಯ ಮೇಲೆ ಕೂತು ಅಕ್ಕ ಅವರ ತಲೆಯನ್ನೇ ನೋಡುತ್ತಿದ್ದಳು.

“ಇದೇನವ್ವಾ ನಿನ್ನ ಕೂದ್ಲು, ಒಣಗಿದ ಜೋಳದ ರವುದಿ ಆಗೈತೆ? ಎಣ್ಣೆ ಕಂಡು ಎಷ್ಟು ಕಾಲ ಆತು?”

“ಎಲ್ಲಿ ಅಕ್ಕ, ಡ್ಯೂಟಿ ಇದ್ದಾಗ ಹಚ್ಚೋ ಹಾಗಿಲ್ಲ. ಡ್ಯೂಟಿ ಇಲ್ದೆ ಇರೋ ದಿನ ಯಾವ್ದು?”

“ಇವತ್ತು. ಇಲ್ಲಿ ಬಾ, ಕೆಳಗೆ ಕೂತ್ಕೋ.”

ಸಿಸ್ಟರ್ ಬಂದು ಅಕ್ಕನ ಕಾಲಬುಡದಲ್ಲಿ ಕೂತರು. ನಾನು ಆಗತಾನೆ ಇಳಿದ ಎಳ್ಳೆಣ್ಣೆಯ ಗಿಂಡಿ ತಂದಿಟ್ಟೆ. ಅಕ್ಕ ಅಂಗೈ ತುಂಬ ಸುರಿದುಕೊಂಡು, ನೆತ್ತಿಗೆ ಒತ್ತಿ, ಮೆಲ್ಲಗೆ ತಟ್ಟತೊಡಗಿದಳು. ಉಸಿರಿಗಾಗಿ ನಡುನಡುವೆ ನಿಲ್ಲುತ್ತಿದ್ದಳು, ಮತ್ತೆ ತಟ್ಟುತ್ತಿದ್ದಳು. ಸಿಸ್ಟರ್ ಕಣ್ಣು ಮುಚ್ಚಿದ್ದರು. ಎಣ್ಣೆ ಹಣೆಯಿಂದ ಇಳಿದು ಹುಬ್ಬಿನಲ್ಲಿ ನಿಂತಿತು. ನಾನು ಬತ್ತಿ ಹೊಸೆದು, ದೂರದ ಜಗುಲಿಯ ಮೇಲೆ ಒಂದು ದೀಪ ಹಚ್ಚಿಟ್ಟೆ.

ಬಹಳ ಹೊತ್ತಾದ ಮೇಲೆ ಸಿಸ್ಟರ್ ಎಚ್ಚೆತ್ತವರಂತೆ, “ನಾಳೆ ಬೆಳಿಗ್ಗೆಯೇ ಡ್ಯೂಟಿ ಅಕ್ಕ, ಇದೆಲ್ಲ ಹೋಗುತ್ತಾ?” ಎಂದರು.

“ಹೋಗ್ದೆ ಏನು? ಇವನು ಹಂಡೆಗೆ ಉರಿ ಹಾಕ್ತಾನೆ, ನಾನು ಅಂಟುವಾಳ ಹಾಕಿ ಉಜ್ತೀನಿ. ಆಮೇಲೆ ನೀನೇ ಮೂಸಿ ನೋಡು, ನಮ್ಮನೆ ವಾಸ್ನೆ ಒಂಚೂರಾದ್ರೂ ಉಳಿದೈತಾ ಅಂತ,” ಎಂದು ಅಕ್ಕ ಇನ್ನೊಂದು ಅಂಗೈ ಎಣ್ಣೆ ಸುರಿದುಕೊಂಡಳು. “ಅಲ್ಲೀಗಂಟ ಸುಮ್ಕೆ ಕೂತ್ಕೋ ತಾಯಿ. ಇದು ನಿಂದೇ.”